ಮೂತ್ರನಾಳದ ಸೋಂಕು: ಯಾತ್ರೆಯಲ್ಲಿ, ಉಪವಾಸದಲ್ಲಿ, ಮನೆಯಲ್ಲಿ

ಎರಡು ವರ್ಷದ ಹಿಂದೆ ಏಪ್ರಿಲ್ ತಿಂಗಳಲ್ಲಿ ನಮ್ಮ ಮನೆಯವರೆಲ್ಲ ಸೇರಿ ಹಂಪಿಗೆ ಹೋಗಿದ್ದೆವು. ಕುಂಥುನಾಥ ತೀರ್ಥಂಕರರಿಗಾಗಿ 1385ರಲ್ಲಿ ಇರುಗಪ್ಪ ದಂಡನಾಯಕ ಕಟ್ಟಿಸಿದ ಗಾಣಗಿತ್ತಿ ಬಸದಿಯ ದರ್ಶನ ಮುಗಿಸಿ, ತುಂಗಭದ್ರೆಯ ಆಚೆ ದಡಕ್ಕೆ, ಗಂಗಾವತಿ ತಾಲ್ಲೂಕಿನ ಆನೆಗೊಂದಿ, ಹನುಮನಹಳ್ಳಿ ಕಡೆಗೆ ಬಂದೆವು. ಮಕ್ಕಳಿಗೆ ಅಂಜನಾದ್ರಿ ಬೆಟ್ಟ ಹತ್ತುವ ಆಸೆ. 575 ಮೆಟ್ಟಿಲು, ಮೇಲೆ ಸುಡುವ ಬಿಸಿಲು, ಕೆಳಗೆ ಕಾದ ಬಂಡೆ. ನೀರಿನ ಬಾಟಲಿಯನ್ನು ಕಾಕಿಯ ಕೈಗೆ ಕೊಟ್ಟರೆ ಅವರು ತುಟಿ ಒದ್ದೆ ಮಾಡಿಕೊಂಡು ತಿರುಗಿ ಕೊಟ್ಟರು. "ಕುಡದರ ಒಂದಕ್ಕ ಹೋಗಬೇಕಾಗ್ತೈತಿ. ಇಲ್ಲೆ ಎಲ್ಲಿ ಹೋಗ್ಲಿ?" ಎಂದರು. ಸಂಜೆ ಬಸ್ಸು ಹತ್ತುವ ಹೊತ್ತಿಗೆ ಸೂರ್ಯಾಸ್ತವಾಗಿತ್ತು. ರಾತ್ರಿ ನೀರು ಮುಟ್ಟದ ನಿಯಮ ಅವರದು. ಹುಬ್ಬಳ್ಳಿಯ ಮನೆ ಸೇರಿದಾಗ ರಾತ್ರಿ ಹನ್ನೊಂದು. ಬೆಳಿಗ್ಗೆಯಿಂದ ಅವರು ಕುಡಿದದ್ದು ಎಲ್ಲ ಸೇರಿ ಮೂರು ಲೋಟ ಇರಬಹುದು.

ಮೂರನೆಯ ದಿನ ಉರಿ ಶುರುವಾಯಿತು. ಯಾರಿಗೂ ಹೇಳಲಿಲ್ಲ. ಐದನೆಯ ದಿನ ಔಷಧದ ಅಂಗಡಿಯಿಂದ ಎರಡು ಮಾತ್ರೆ ತರಿಸಿಕೊಂಡು ನುಂಗಿದರು, ಉರಿ ಇಳಿಯಿತು. ಹತ್ತು ದಿನದ ನಂತರ ನಡುಕ ಹುಟ್ಟಿಸುವ ಚಳಿಜ್ವರ, ಬಲ ಪಕ್ಕೆಯ ಹಿಂದೆ ನೋವು, ವಾಂತಿ. ಸೋಂಕು ಮೂತ್ರಪಿಂಡಕ್ಕೆ ಏರಿತ್ತು. ಐದು ದಿನ ಆಸ್ಪತ್ರೆಯಲ್ಲಿ ಇಂಜೆಕ್ಷನ್ ಬೇಕಾಯಿತು. ಅಂಗಡಿಯವರು ಕೊಟ್ಟ ಮಾತ್ರೆಗೆ ಆ ಬ್ಯಾಕ್ಟೀರಿಯಾ ಬಗ್ಗುವುದೇ ಇಲ್ಲ ಎಂದು ಕಲ್ಚರ್ ವರದಿ ಹೇಳಿತು.

ಇದನ್ನು ಕಾಕಿಯ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ. "ನನಗಾದದ್ದು ಬ್ಯಾರೆಯವರಿಗೆ ಆಗಬಾರ್ದು, ಬರಿ" ಅಂದರು. ನಮ್ಮ ಸಮಾಜದ ಮನೆಗಳಲ್ಲಿ ಈ ಕಾಯಿಲೆ ಅಪರೂಪವಲ್ಲ, ಇದರ ಬಗ್ಗೆ ಮಾತು ಅಪರೂಪ.

ಏನಿದು ಸೋಂಕು?

ಎರಡು ಮೂತ್ರಪಿಂಡಗಳು ರಕ್ತವನ್ನು ಸೋಸಿ ಮೂತ್ರ ಮಾಡುತ್ತವೆ. ಅದು ಎರಡು ಸಣ್ಣ ನಾಳಗಳ ಮೂಲಕ ಇಳಿದು ಮೂತ್ರಕೋಶದಲ್ಲಿ ತುಂಬಿಕೊಳ್ಳುತ್ತದೆ, ಅಲ್ಲಿಂದ ಹೊರನಾಳದ ಮೂಲಕ ಹೊರಗೆ ಹೋಗುತ್ತದೆ. ಈ ದಾರಿಯಲ್ಲಿ ಎಲ್ಲಿಯಾದರೂ ಬ್ಯಾಕ್ಟೀರಿಯಾ ನೆಲೆಯೂರಿ ಬೆಳೆದರೆ ಅದೇ ಮೂತ್ರನಾಳದ ಸೋಂಕು. ಆಡುಮಾತಿನಲ್ಲಿ ಉರಿಮೂತ್ರ ಅನ್ನುತ್ತೇವೆ, ಇಲ್ಲವೇ "ಉಷ್ಣ ಆಗೈತಿ" ಎಂದು ಮಜ್ಜಿಗೆ ಕುಡಿದು ಸುಮ್ಮನಾಗುತ್ತೇವೆ. ಬಿಸಿಲಿನಲ್ಲಿ ನೀರು ಕಡಿಮೆಯಾಗಿ ಮೂತ್ರ ಗಟ್ಟಿಯಾದಾಗಲೂ ಉರಿಯುವುದುಂಟು. ಅದು ಎರಡು ಮೂರು ಲೋಟ ನೀರಿಗೆ ಇಳಿಯುತ್ತದೆ. ಸೋಂಕಿನ ಉರಿ ಹಾಗೆ ಇಳಿಯುವುದಿಲ್ಲ. ಪದೇ ಪದೇ ಅವಸರವಾಗುತ್ತದೆ, ಹೋದರೆ ನಾಲ್ಕು ಹನಿ, ಬಂದ ಮೇಲೆ ಮತ್ತೆ ಹೋಗಬೇಕೆನಿಸುತ್ತದೆ, ಕೆಳಹೊಟ್ಟೆ ಹಿಂಡುತ್ತದೆ, ಮೂತ್ರ ಕಲಕಾಗುತ್ತದೆ, ಕೆಲವೊಮ್ಮೆ ಕೆಂಪಾಗುತ್ತದೆ.

ಸಾಮಾನ್ಯ ಸೋಂಕುಗಳಲ್ಲಿ ಮುಕ್ಕಾಲು ಪಾಲಿಗೂ ಹೆಚ್ಚು ಇ. ಕೋಲೈ ಎಂಬ ಒಂದೇ ಬ್ಯಾಕ್ಟೀರಿಯಾದಿಂದ ಬರುತ್ತವೆ. ಜರ್ಮನಿಯ ವೈದ್ಯ ಥಿಯೋಡರ್ ಎಶ್ಚೆರಿಚ್ 1885ರಲ್ಲಿ ಇದನ್ನು ಮೊದಲು ವಿವರಿಸಿದರು, ಹೆಸರಿನ 'ಇ' ಅವರದೇ. ಇದು ಎಲ್ಲರ ಕರುಳಿನಲ್ಲಿ ಇರುತ್ತದೆ, ಅಲ್ಲಿ ತೊಂದರೆ ಕೊಡುವುದಿಲ್ಲ. ಗುದದ್ವಾರದ ಹತ್ತಿರದಿಂದ ಮೂತ್ರದ್ವಾರಕ್ಕೆ ಸರಿದು ಒಳಗೆ ಹತ್ತಿದಾಗ ತೊಂದರೆ. ಅದರ ಮೈಮೇಲಿನ ಕೂದಲಿನಂಥ ಎಳೆಗಳು ಮೂತ್ರಕೋಶದ ಒಳಗೋಡೆಗೆ ಕೊಕ್ಕೆಯಂತೆ ಸಿಕ್ಕಿಕೊಳ್ಳುತ್ತವೆ. ಹೆಂಗಸರಲ್ಲಿ ಹೊರನಾಳ ಸುಮಾರು 4 ಸೆಂಟಿಮೀಟರ್ ಮಾತ್ರ, ಗಂಡಸರಲ್ಲಿ ಸುಮಾರು 20. ದಾರಿ ಇಷ್ಟು ಚಿಕ್ಕದಾಗಿರುವುದರಿಂದಲೇ ಸುಮಾರು ಅರ್ಧದಷ್ಟು ಹೆಂಗಸರಿಗೆ ಜೀವನದಲ್ಲಿ ಒಮ್ಮೆಯಾದರೂ ಈ ಸೋಂಕು ಬರುತ್ತದೆ. ಇದು ದೇಹರಚನೆಯ ಮಾತು. ನಡತೆಗೂ ಇದಕ್ಕೂ ಸಂಬಂಧವಿಲ್ಲ, ಇದು ಲೈಂಗಿಕ ರೋಗವೂ ಅಲ್ಲ. ಮದುವೆಯಾದ ಹೊಸದರಲ್ಲಿ ಹೆಣ್ಣುಮಕ್ಕಳಿಗೆ ಇದು ಹೆಚ್ಚು, ಏಕೆಂದರೆ ದಾಂಪತ್ಯ ಸಂಪರ್ಕದಲ್ಲಿ ಬ್ಯಾಕ್ಟೀರಿಯಾ ನಾಳದೊಳಗೆ ಸರಿಯುವುದು ಸುಲಭ. ಸಂಪರ್ಕದ ನಂತರ ಮೂತ್ರ ಮಾಡಿಬರುವುದು ಒಳ್ಳೆಯ ಅಭ್ಯಾಸ. ಹೊಸ ಮನೆಯಲ್ಲಿ, ಅತ್ತೆ-ಮಾವ ಮೈದುನರ ನಡುವೆ, ಒಂದೇ ಬಚ್ಚಲಮನೆ ಇರುವಲ್ಲಿ ಮತ್ತೆ ಮತ್ತೆ ಎದ್ದು ಹೋಗಲು ಆಕೆ ಸಂಕೋಚಪಡುತ್ತಾಳೆ, ಹೇಳಲು ಇನ್ನೂ ಸಂಕೋಚ. ಅತ್ತೆಯಾದವರು ಒಂದು ಮಾತು ಮೊದಲೇ ಆಡಿದರೆ ಆ ಹುಡುಗಿಯ ಅರ್ಧ ಕಷ್ಟ ಕಳೆಯುತ್ತದೆ.

ಇಲ್ಲೊಂದು ತಪ್ಪು ತಿಳಿವಳಿಕೆ ನಮ್ಮವರಲ್ಲಿದೆ. "ನಾವು ನೀರು ಗಾಳಿಸಿ, ಕಾಯಿಸಿ ಕುಡಿಯುವವರು, ನಮಗೆ ಇಂಥ ಸೋಂಕು ಹೇಗೆ ಬರುತ್ತದೆ?" ಎಂದು ಕೇಳುತ್ತಾರೆ. ಕಾಯಿಸಿದ ನೀರು ವಾಂತಿಭೇದಿ, ಟೈಫಾಯ್ಡ್‌ನಂಥ ರೋಗಗಳಿಂದ ಕಾಪಾಡುತ್ತದೆ. ಈ ಸೋಂಕು ಸಾಮಾನ್ಯವಾಗಿ ಕುಡಿಯುವ ನೀರಿನಿಂದ ಬರುವುದಲ್ಲ, ನಮ್ಮದೇ ಕರುಳಿನಿಂದ ಬರುವುದು. ಇಲ್ಲಿ ನೀರು ಎಷ್ಟು ಕುಡಿದೆವು ಎನ್ನುವುದು ಮುಖ್ಯ.

ನೀರಿನ ಲೆಕ್ಕ

ಮೂತ್ರ ಹರಿಯುತ್ತಿದ್ದರೆ ಬ್ಯಾಕ್ಟೀರಿಯಾ ತೊಳೆದು ಹೋಗುತ್ತವೆ, ನಿಂತರೆ ಬೆಳೆಯುತ್ತವೆ. ಇಷ್ಟು ಸರಳವಾದ ಮಾತಿಗೂ ಗಟ್ಟಿ ಸಾಕ್ಷಿ ಸಿಕ್ಕಿದ್ದು ಇತ್ತೀಚೆಗೆ. 2018ರಲ್ಲಿ ಅಮೆರಿಕದ ಒಂದು ವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಮತ್ತೆ ಮತ್ತೆ ಸೋಂಕು ಬರುತ್ತಿದ್ದ ಮತ್ತು ದಿನಕ್ಕೆ ಒಂದೂವರೆ ಲೀಟರಿಗಿಂತ ಕಡಿಮೆ ಕುಡಿಯುತ್ತಿದ್ದ 140 ಮಹಿಳೆಯರನ್ನು ಎರಡು ಗುಂಪು ಮಾಡಿದರು. ಒಂದು ಗುಂಪಿಗೆ ದಿನಕ್ಕೆ ಇನ್ನೂ ಒಂದೂವರೆ ಲೀಟರ್ ನೀರು ಹೆಚ್ಚು ಕುಡಿಯಲು ಹೇಳಿದರು. ಒಂದು ವರ್ಷದಲ್ಲಿ ಆ ಗುಂಪಿನವರಿಗೆ ಸರಾಸರಿ 1.7 ಬಾರಿ ಸೋಂಕು ಬಂತು, ಉಳಿದವರಿಗೆ 3.2 ಬಾರಿ. ಯಾವ ಔಷಧವೂ ಇಲ್ಲದೆ, ಬರೀ ನೀರಿನಿಂದ ಹೆಚ್ಚು ಕಡಿಮೆ ಅರ್ಧಕ್ಕೆ ಇಳಿಯಿತು.

ಕೊಪ್ಪಳ ಜಿಲ್ಲೆಯಂಥ ಬಿಸಿಲ ನಾಡಿನಲ್ಲಿ ಬೆವರಿಗೆ ಹೋಗುವ ನೀರೇ ಬಹಳ. ಗಂಗಾವತಿಯ ಕಾಲುವೆಯ ಗದ್ದೆಗಳಲ್ಲಿ ಭತ್ತ ನಾಟಿ ಮಾಡುವ ಹೆಂಗಸರನ್ನು ನೋಡಿ. ಬೆಳಿಗ್ಗೆಯಿಂದ ಸಂಜೆತನಕ ಬಗ್ಗಿ ನಿಂತ ಕೆಲಸ, ಮರೆಗೆ ಒಂದು ಗಿಡವೂ ಇರುವುದಿಲ್ಲ. ಅಂಗಡಿಯ ಗಲ್ಲೆಯ ಮೇಲೆ ಕೂತ ನಮ್ಮವರಿಗೂ, ಶಾಲೆಯಲ್ಲಿ ಪಾಠ ಮಾಡುವ ಟೀಚರಮ್ಮನಿಗೂ, ಶಾಲೆಯ ಶೌಚಾಲಯ ಕೊಳಕು ಎಂದು ಮನೆಗೆ ಬರುವತನಕ ತಡೆದುಕೊಳ್ಳುವ ಹುಡುಗಿಗೂ ಕಷ್ಟ ಅದೇ. ನೀರು ಕುಡಿಯದಿರುವುದೇ ಇವರೆಲ್ಲ ಕಂಡುಕೊಂಡ ಉಪಾಯ. ಯಾತ್ರೆ ಏರ್ಪಡಿಸುವ ಸಂಘದವರು ಊಟದ ಚೌಕ ಎಲ್ಲಿ ಎಂದು ಯೋಚಿಸುವಷ್ಟೇ, ಹೆಂಗಸರ ಶೌಚಕ್ಕೆ ಬಸ್ಸು ಎಲ್ಲಿ ನಿಲ್ಲಬೇಕು ಎಂದೂ ಯೋಚಿಸಿದರೆ ಎಷ್ಟೋ ಕಾಯಿಲೆ ತಪ್ಪುತ್ತದೆ. ಎರಡು ಮೂರು ಗಂಟೆಗೊಮ್ಮೆ ನಿಲ್ಲಿಸಬೇಕು, ಯಾರೂ ಕೇಳಲಿ ಎಂದು ಕಾಯಬಾರದು.

ಎಷ್ಟು ಕುಡಿಯಬೇಕು? ಲೀಟರ್ ಎಣಿಸುವುದಕ್ಕಿಂತ ಮೂತ್ರದ ಬಣ್ಣ ನೋಡುವುದು ಸುಲಭ. ತಿಳಿ ಹಳದಿ ಇದ್ದರೆ ಸಾಕು, ಸಾಸಿವೆ ಎಣ್ಣೆಯ ಬಣ್ಣವಿದ್ದರೆ ಕಡಿಮೆಯಾಗಿದೆ. ಹೃದಯ ಅಥವಾ ಮೂತ್ರಪಿಂಡದ ತೊಂದರೆ ಇದ್ದು ವೈದ್ಯರು ನೀರಿಗೆ ಮಿತಿ ಹಾಕಿದ್ದರೆ ಆ ಮಿತಿಯನ್ನು ದಾಟಬೇಡಿ. ಇನ್ನು ಕುಷ್ಟಗಿ, ಯಲಬುರ್ಗಾ ಕಡೆಯ ಓದುಗರಿಗೆ ಒಂದು ಮಾತು: ಅಲ್ಲಿನ ಹಲವು ಬೋರ್‌ವೆಲ್‌ಗಳ ನೀರಿನಲ್ಲಿ ಫ್ಲೋರೈಡ್ ಹೆಚ್ಚು. ಲೀಟರಿಗೆ 1.5 ಮಿಲಿಗ್ರಾಂ ದಾಟಿದ ನೀರು ಕುಡಿಯಲು ಯೋಗ್ಯವಲ್ಲ. ಫ್ಲೋರೈಡ್ ಮೂತ್ರದ ಸೋಂಕು ತರುವುದಿಲ್ಲ, ಹಲ್ಲು-ಮೂಳೆ ಕೆಡಿಸುತ್ತದೆ. ಬಟ್ಟೆಯಲ್ಲಿ ಗಾಳಿಸಿದರೆ ಅದು ಹೋಗುವುದಿಲ್ಲ, ಕಾಯಿಸಿದರಂತೂ ನೀರು ಆವಿಯಾಗಿ ಇನ್ನಷ್ಟು ಗಟ್ಟಿಯಾಗುತ್ತದೆ. ಹೆಚ್ಚು ನೀರು ಕುಡಿಯಿರಿ ಎನ್ನುವಾಗ ಯಾವ ನೀರು ಎಂದೂ ಹೇಳಬೇಕಾಗುತ್ತದೆ: ಊರಿನ ಶುದ್ಧ ಕುಡಿಯುವ ನೀರಿನ ಘಟಕದ್ದು, ಇಲ್ಲವೇ ನದಿ ಮೂಲದ್ದು.

ಉಪವಾಸದ ದಿನಗಳಲ್ಲಿ

ಉಪವಾಸವೇ ಸೋಂಕು ತರುತ್ತದೆ ಎಂದು ಹೇಳುವುದು ತಪ್ಪು. ಆದರೆ ಸೂರ್ಯಾಸ್ತದಿಂದ ಮರುದಿನ ನವಕಾರಸಿಯವರೆಗೆ ಲೆಕ್ಕ ಹಾಕಿದರೆ ಸುಮಾರು ಹದಿಮೂರು ಗಂಟೆ ನೀರಿಲ್ಲ. ಹಗಲಿನಲ್ಲಿ ಚೆನ್ನಾಗಿ ಕುಡಿದಿದ್ದರೆ ಆರೋಗ್ಯವಂತರು ಇದನ್ನು ತಡೆದುಕೊಳ್ಳುತ್ತಾರೆ. ಎಡವುವುದು ಹಗಲಿನಲ್ಲೇ. ಪೂಜೆ, ಪ್ರವಚನ, ಅಡುಗೆ ಎಂದು ಮಧ್ಯಾಹ್ನದವರೆಗೆ ನೀರು ಮರೆತು, ಸಂಜೆ ಆರು ಗಂಟೆಗೆ ಗಡಿಬಿಡಿಯಲ್ಲಿ ಎರಡು ಚೊಂಬು ಕುಡಿಯುತ್ತಾರೆ. ಆ ನೀರು ಒಂದೆರಡು ತಾಸಿನಲ್ಲಿ ಹೊರಹೋಗುತ್ತದೆ, ರಾತ್ರಿಗೆ ಉಳಿಯುವುದಿಲ್ಲ. ಬೆಳಿಗ್ಗೆ ಪಚ್ಚಖಾಣ ಪಾರಿಸಿದ ಮೇಲೆ ಎರಡು ಲೋಟ, ಆಮೇಲೆ ತಾಸಿಗೊಂದು ಲೋಟ ಎಂದು ಹಂಚಿಕೊಳ್ಳುವುದು ಮೇಲು. ಮಲಗುವ ಮುನ್ನ ಮೂತ್ರಕೋಶ ಖಾಲಿ ಮಾಡಿಯೇ ಮಲಗಿ. ಸಾಮಾಯಿಕ, ಪ್ರತಿಕ್ರಮಣಕ್ಕೆ ಕೂರುವ ಮುಂಚೆಯೂ ಅಷ್ಟೇ.

ಬಿಸಿನೀರಿನ ಮೇಲೆ ಅಠಾಯಿ ಮಾಡುವವರಿಗೆ ಈ ಹಂಚಿಕೆ ಇನ್ನೂ ಮುಖ್ಯ. ನೀರೂ ಇಲ್ಲದ ಚೌವಿಹಾರ ಉಪವಾಸವನ್ನು ಗರ್ಭಿಣಿಯರು, ಮಧುಮೇಹಿಗಳು, ಮೂತ್ರಕಲ್ಲು ಇರುವವರು, ವರ್ಷದಲ್ಲಿ ಮೂರು ಬಾರಿ ಸೋಂಕು ಕಂಡವರು ವೈದ್ಯರನ್ನು ಕೇಳದೆ ಹಿಡಿಯಬಾರದು. ಷೋಡಶಕಾರಣ ಭಾವನೆಗಳಲ್ಲಿ ತಪಸ್ಸಿನ ಹೆಸರೇ ಶಕ್ತಿತಸ್ತಪ, ಶಕ್ತಿಗೆ ತಕ್ಕ ತಪಸ್ಸು. ಏಕಾಶನ, ಬಿಯಾಸಣ ಎಂಬ ಮೆಟ್ಟಿಲುಗಳು ಇರುವುದೂ ಅದಕ್ಕೇ. ಅಕ್ಕಪಕ್ಕದ ಮನೆಯವರು ಹತ್ತು ದಿನ ಮಾಡಿದರು ಎಂದು ನಾವೂ ಮಾಡಿದರೆ ಶಕ್ತಿಯ ಮಾತು ಎಲ್ಲಿ ಉಳಿಯಿತು?

ಮಧುಮೇಹಿಗಳಿಗೆ ಒಂದು ವಿಶೇಷ ಎಚ್ಚರಿಕೆ. ಡಾಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್ ಎಂಬ ಮಾತ್ರೆಗಳು ಸಕ್ಕರೆಯನ್ನು ಮೂತ್ರದ ಮೂಲಕ ಹೊರಹಾಕುತ್ತವೆ. ಇವನ್ನು ತೆಗೆದುಕೊಳ್ಳುವವರಿಗೆ ಜನನಾಂಗದ ಬಳಿ ಶಿಲೀಂಧ್ರದ ತುರಿಕೆ ಬರುವುದುಂಟು, ಅದನ್ನು ಉರಿಮೂತ್ರ ಎಂದುಕೊಂಡು ಆಂಟಿಬಯಾಟಿಕ್ ನುಂಗಿದರೆ ತುರಿಕೆ ಇನ್ನೂ ಹೆಚ್ಚುತ್ತದೆ. ಇದಕ್ಕಿಂತ ಗಂಭೀರವಾದದ್ದು, ಈ ಮಾತ್ರೆ ನಡೆಯುತ್ತಿರುವಾಗ ಊಟ ಬಿಟ್ಟು ಉಪವಾಸ ಮಾಡಿದರೆ ರಕ್ತದಲ್ಲಿ ಆಮ್ಲ ಏರಿ ಜೀವಕ್ಕೇ ಅಪಾಯವಾಗಬಹುದು. ಪರ್ವ ಬರುವ ಮೊದಲೇ ವೈದ್ಯರ ಬಳಿ ಮಾತ್ರೆಯ ಚೀಟಿ ತೋರಿಸಿ, ಯಾವುದನ್ನು ಎಷ್ಟು ದಿನ ಮೊದಲು ನಿಲ್ಲಿಸಬೇಕು ಎಂದು ಕೇಳಿ.

ದಿಗಂಬರ ಮುನಿಗಳು, ಆರ್ಯಿಕೆಯರು ದಿನಕ್ಕೊಮ್ಮೆ ಮಾತ್ರ ಆಹಾರ-ನೀರು ಸ್ವೀಕರಿಸಿ ಬಿಸಿಲಿನಲ್ಲಿ ವಿಹಾರ ಮಾಡುತ್ತಾರೆ. ಆಹಾರ ಕೊಡುವ ಶ್ರಾವಕರು ಭಕ್ಷ್ಯಗಳ ಉತ್ಸಾಹದಲ್ಲಿ ನೀರು, ಎಳನೀರು, ತಿಳಿಮಜ್ಜಿಗೆಯನ್ನು ಕೊನೆಗೆ ಇಡುತ್ತಾರೆ. ಅಂತರಾಯ ಬಂದರೆ ಆ ಕೊನೆ ಬರುವುದೇ ಇಲ್ಲ. ಮೊದಲಿಗೇ ಒಂದಿಷ್ಟು ಕೊಡುವುದು ವಿವೇಕ.

ಪರೀಕ್ಷೆ ಮತ್ತು ಔಷಧ

ಮೂತ್ರ ಪರೀಕ್ಷೆಗೆ ಕೊಡುವಾಗ ಮೂತ್ರದ್ವಾರವನ್ನು ನೀರಿನಿಂದ ತೊಳೆದು, ಮೊದಲ ಧಾರೆ ಬಿಟ್ಟು ನಡುವಿನದನ್ನು ಲ್ಯಾಬಿನ ಡಬ್ಬಿಯಲ್ಲಿ ಹಿಡಿಯಿರಿ. ಮನೆಯ ಬಾಟಲಿ ಬೇಡ. ಎರಡು ಗಂಟೆಯೊಳಗೆ ಲ್ಯಾಬಿಗೆ ಮುಟ್ಟಬೇಕು. ಸಾಮಾನ್ಯ ಪರೀಕ್ಷೆಯಲ್ಲಿ ಕೀವಿನ ಕಣ, ನೈಟ್ರೈಟ್ ನೋಡುತ್ತಾರೆ. ಕಲ್ಚರ್ ಪರೀಕ್ಷೆಯಲ್ಲಿ ಬ್ಯಾಕ್ಟೀರಿಯಾ ಬೆಳೆಸಿ, ಯಾವ ಔಷಧಕ್ಕೆ ಅದು ಸಾಯುತ್ತದೆ ಎಂದು ಪತ್ತೆಮಾಡುತ್ತಾರೆ. ಎರಡು ಮೂರು ದಿನ ಹಿಡಿಯುತ್ತದೆ. ಮೊದಲ ಬಾರಿಯ ಸಾದಾ ಸೋಂಕಿಗೆ ಎಲ್ಲರಿಗೂ ಕಲ್ಚರ್ ಬೇಕೆಂದಿಲ್ಲ. ಮರುಕಳಿಸಿದರೆ, ಜ್ವರವಿದ್ದರೆ, ಗರ್ಭಿಣಿಯಾದರೆ, ಗಂಡಸರಿಗೆ ಬಂದರೆ, ಮಕ್ಕಳಿಗೆ ಬಂದರೆ ಬೇಕೇ ಬೇಕು, ಅದೂ ಆಂಟಿಬಯಾಟಿಕ್‌ನ ಮೊದಲ ಗುಳಿಗೆ ನುಂಗುವ ಮುಂಚೆ. ಕಾಕಿಯ ವಿಷಯದಲ್ಲಿ ತಪ್ಪಿದ್ದು ಇದೇ. ತಾಲ್ಲೂಕಿನಲ್ಲಿ ಕಲ್ಚರ್ ಆಗದಿದ್ದರೆ ಕೊಪ್ಪಳದ ವೈದ್ಯಕೀಯ ಕಾಲೇಜಿನ ಆಸ್ಪತ್ರೆಯಲ್ಲಿ ವಿಚಾರಿಸಬಹುದು.

ಸಾದಾ ಸೋಂಕಿಗೆ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಮಾರ್ಗಸೂಚಿ ಮುಂದಿಡುವುದು ನೈಟ್ರೋಫ್ಯುರಾಂಟೊಯಿನ್, ಫಾಸ್ಫೊಮೈಸಿನ್‌ನಂಥ ಹಳೆಯ ಔಷಧಗಳನ್ನು. ಅಂಗಡಿಯಲ್ಲಿ ಕೇಳಿದ ತಕ್ಷಣ ಸಿಗುವ ಸಿಪ್ರೊಫ್ಲಾಕ್ಸಸಿನ್ ಜಾತಿಯ ಮಾತ್ರೆಗಳಿಗೆ ನಮ್ಮ ದೇಶದ ಇ. ಕೋಲೈ ಬಹುಪಾಲು ಒಗ್ಗಿಹೋಗಿದೆ. ಚೀಟಿಯಿಲ್ಲದೆ ಕೊಡಬಾರದೆಂದೇ ಸೆಫಿಕ್ಸಿಮ್‌ನಂಥ ಔಷಧಗಳನ್ನು 2014ರ ಮಾರ್ಚ್‌ನಿಂದ ಎಚ್-1 ಪಟ್ಟಿಯಲ್ಲಿ ಇಟ್ಟಿದ್ದಾರೆ, ಅಂಗಡಿಯವರು ಅವುಗಳ ಮಾರಾಟವನ್ನು ಪುಸ್ತಕದಲ್ಲಿ ಬರೆದಿಡಬೇಕು. ಉರಿ ತಗ್ಗಿಸಲು ಕೊಡುವ ಸಿಹಿ-ಹುಳಿ ಸಿರಪ್ಪು ಮೂತ್ರದ ಆಮ್ಲವನ್ನು ಇಳಿಸುತ್ತದೆ, ಬ್ಯಾಕ್ಟೀರಿಯಾವನ್ನು ಕೊಲ್ಲುವುದಿಲ್ಲ. ಜವೆಗೋಧಿ ನೀರು, ಕೊತ್ತಂಬರಿ ಬೀಜದ ನೀರು, ಎಳನೀರು ಕೂಡ ಹಾಗೆಯೇ: ಒಳ್ಳೆಯ ಪಾನೀಯ, ಔಷಧವಲ್ಲ. ಕ್ರ್ಯಾನ್‌ಬೆರಿ ಮಾತ್ರೆ ಮರುಕಳಿಸುವುದನ್ನು ಸ್ವಲ್ಪ ತಡೆಯುತ್ತದೆ, ಬಂದ ಸೋಂಕನ್ನು ವಾಸಿಮಾಡುವುದಿಲ್ಲ.

ನಮ್ಮ ಮನೆಗಳಲ್ಲಿ ಔಷಧದ ಬಗ್ಗೆ ಎರಡು ಪ್ರಶ್ನೆ ಏಳುತ್ತವೆ. ವೈದ್ಯರ ಮುಂದೆ ಕೇಳಲು ಹಿಂಜರಿದು, ಮನೆಗೆ ಬಂದು ಔಷಧವನ್ನೇ ಬಿಟ್ಟುಬಿಡುತ್ತಾರೆ. ಮೊದಲನೆಯದು ಕ್ಯಾಪ್ಸೂಲಿನ ಕವಚ. ಸಾಮಾನ್ಯ ಕ್ಯಾಪ್ಸೂಲುಗಳ ಜೆಲಟಿನ್ ಪ್ರಾಣಿಗಳ ಮೂಳೆ-ಚರ್ಮದಿಂದ ಬಂದದ್ದು. ನೈಟ್ರೋಫ್ಯುರಾಂಟೊಯಿನ್ ಮಾತ್ರೆಯ ರೂಪದಲ್ಲೂ ಸಿಗುತ್ತದೆ, ಫಾಸ್ಫೊಮೈಸಿನ್ ನೀರಿನಲ್ಲಿ ಕಲಕಿ ಒಂದೇ ಬಾರಿ ಕುಡಿಯುವ ಪುಡಿ. "ಕ್ಯಾಪ್ಸೂಲ್ ಬೇಡ, ಮಾತ್ರೆ ಬರೆದುಕೊಡಿ" ಎಂದರೆ ವೈದ್ಯರು ಬೇಸರಪಡುವುದಿಲ್ಲ. ಕ್ಯಾಪ್ಸೂಲ್ ಬಿಚ್ಚಿ ಪುಡಿ ನುಂಗುವುದು ಮಾತ್ರ ಬೇಡ, ನಿಧಾನವಾಗಿ ಕರಗಲೆಂದು ಮಾಡಿದ ಔಷಧ ಒಮ್ಮೆಲೇ ಬಿಡುಗಡೆಯಾಗುತ್ತದೆ. ಎರಡನೆಯದು ರಾತ್ರಿಯ ಗುಳಿಗೆ. ದಿನಕ್ಕೆರಡು ಬಾರಿಯ ಔಷಧವನ್ನು ಬೆಳಿಗ್ಗೆ ಏಳಕ್ಕೆ, ಸಂಜೆ ಆರಕ್ಕೆ ಊಟದೊಂದಿಗೆ ಹೊಂದಿಸಬಹುದು. ಮೂರು ಬಾರಿಯದಾದರೆ ಕಷ್ಟ, ಮೊದಲೇ ಹೇಳಿ ಬದಲಿಸಿಕೊಳ್ಳಿ. ನಿಯಮ ತೆಗೆದುಕೊಳ್ಳುವಾಗಲೇ ಔಷಧಕ್ಕೆ ವಿನಾಯಿತಿ ಇಟ್ಟುಕೊಳ್ಳುವ ಪದ್ಧತಿಯೂ ಇದೆ, ವಯಸ್ಸಾದವರಿಗೆ ಅದನ್ನು ನೆನಪಿಸಿ.

ಸೂಕ್ಷ್ಮಜೀವಿಗಳನ್ನು ಕೊಲ್ಲುವ ಔಷಧದ ಬಗ್ಗೆ ಹಿರಿಯರೊಬ್ಬರು ನನ್ನನ್ನು ಕೇಳಿದ್ದರು. ಪ್ರಾಣಕ್ಕೆ ಬಂದ ಸೋಂಕಿಗೆ ಚಿಕಿತ್ಸೆ ಗೃಹಸ್ಥನಿಗೆ ಅನಿವಾರ್ಯ. ಅಗತ್ಯವಿಲ್ಲದ ಆಂಟಿಬಯಾಟಿಕ್ ಬೇಡ ಎನ್ನಲು ಮಾತ್ರ ನಮಗೆ ಬೇರೆಯವರಿಗಿಂತ ಒಂದು ಕಾರಣ ಹೆಚ್ಚೇ ಇದೆ.

ಅಂಥ ಅನಗತ್ಯ ಔಷಧ ಹೆಚ್ಚಾಗಿ ಹೋಗುವುದು ಅಜ್ಜಿಯರಿಗೆ. ವಯಸ್ಸಾದವರ ಮೂತ್ರದಲ್ಲಿ ಯಾವ ತೊಂದರೆಯೂ ಇಲ್ಲದೆ ಬ್ಯಾಕ್ಟೀರಿಯಾ ಇರುವುದು ಸಾಮಾನ್ಯ. ಉರಿ, ಜ್ವರ ಏನೂ ಇಲ್ಲದಿದ್ದರೆ ವರದಿ ನೋಡಿ ಔಷಧ ಕೊಡುವ ಅಗತ್ಯವಿಲ್ಲ. ಮುಟ್ಟು ನಿಂತ ಮೇಲೆ ಮರುಕಳಿಸುವ ಸೋಂಕಿಗೆ ಹಚ್ಚುವ ಈಸ್ಟ್ರೋಜನ್ ಮುಲಾಮು ಚೆನ್ನಾಗಿ ಕೆಲಸ ಮಾಡುತ್ತದೆ, ಸ್ತ್ರೀರೋಗ ತಜ್ಞರನ್ನು ಕೇಳಿ. ಗರ್ಭಿಣಿಯರ ವಿಷಯ ತದ್ವಿರುದ್ಧ: ತೊಂದರೆ ಇಲ್ಲದಿದ್ದರೂ ಮೂತ್ರದಲ್ಲಿ ಬ್ಯಾಕ್ಟೀರಿಯಾ ಕಂಡರೆ ಚಿಕಿತ್ಸೆ ಬೇಕು, ಬಿಟ್ಟರೆ ಮೂತ್ರಪಿಂಡಕ್ಕೆ ಏರುವ ಅಪಾಯವಿದೆ. ಗಂಡಸರಿಗೆ ಬಂದರೆ ಪ್ರಾಸ್ಟೇಟ್ ಗ್ರಂಥಿ ಅಥವಾ ಕಲ್ಲು ಕಾರಣವೇ ಎಂದು ನೋಡಿಸಬೇಕು. ಕೂಸುಗಳು ಉರಿ ಎಂದು ಹೇಳಲಾರವು. ನೆಗಡಿ ಕೆಮ್ಮಿಲ್ಲದ ಜ್ವರ, ಹಾಲು ಕುಡಿಯದಿರುವುದು ಅಷ್ಟೇ ಸುಳಿವು. ಹೆಣ್ಣುಮಗುವಿಗೆ ತೊಳೆಯುವಾಗ ಮುಂದಿನಿಂದ ಹಿಂದಕ್ಕೆ ತೊಳೆಯಿರಿ, ದೊಡ್ಡವಳಾದ ಮೇಲೆ ಅದನ್ನೇ ಕಲಿಸಿ.

ಯಾರಿಗೇ ಆಗಲಿ, ಚಳಿ ನಡುಕದ ಜ್ವರ, ಪಕ್ಕೆಯ ಹಿಂದೆ ನೋವು, ವಾಂತಿ, ಮೂತ್ರ ಕಟ್ಟುವುದು, ಮಂಕು ಕವಿದಂತಾಗುವುದು ಕಂಡರೆ ಅದೇ ದಿನ ಆಸ್ಪತ್ರೆಗೆ ಹೋಗಿ. ಉಪವಾಸ ಮುಗಿಯಲಿ, ಪಾರಣೆ ಆಗಲಿ ಎಂದು ಕಾಯಬೇಡಿ.

ಕಾಕಿ ಈ ವರ್ಷವೂ ದಶಲಕ್ಷಣ ಪರ್ವದಲ್ಲಿ ಏಕಾಶನ ಮಾಡಿದರು. ನೀರಿಗೆ ಮಾತ್ರ ಹಗಲೆಲ್ಲ ಬಿಡುವು ಇಟ್ಟುಕೊಂಡರು. ಕಳೆದ ತಿಂಗಳು ಶ್ರವಣಬೆಳಗೊಳಕ್ಕೆ ಹೊರಟ ಬಸ್ಸಿನಲ್ಲಿ, ದಾವಣಗೆರೆ ಬರುವ ಮುಂಚೆಯೇ ಎದ್ದು ಹೋಗಿ ಡ್ರೈವರಿಗೆ ಹೇಳಿದರು: "ತಮ್ಮಾ, ಇಲ್ಲೆ ಒಂದು ಹತ್ತು ನಿಮಿಷ ನಿಲ್ಲಸಪ್ಪಾ. ಹೆಣಮಕ್ಕಳು ಇಳೀತೇವಿ." ಅವರ ಹಿಂದೆ ಹನ್ನೆರಡು ಮಂದಿ ಇಳಿದರು.